ಅಮಲು ಇಳಿದ ಮೇಲಿನ ಮಾತ್ರೆ

ಹಾವೇರಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ: ‘ನಮ್ಮಣ್ಣ ದಿನಾ ಸಂಜೆ ಕುಡಿಯುತ್ತಾನೆ. ಕುಡಿದಾಗ ಮಾತ್ರೆ ತಗೋಬಾರದು ಅಂತ ಅವನಿಗೂ ಗೊತ್ತು, ಅದಕ್ಕೇ ರಾತ್ರಿ ಮುಟ್ಟುವುದಿಲ್ಲ. ಬೆಳಿಗ್ಗೆ ಅಮಲು ಪೂರ್ತಿ ಇಳಿದ ಮೇಲೆ ತಲೆನೋವಿಗೆ ಎರಡು ಪ್ಯಾರಾಸಿಟಮಾಲ್ ನುಂಗುತ್ತಾನೆ. ಇದರಿಂದ ಲಿವರ್‌ಗೆ ತೊಂದರೆಯಿಲ್ಲ ತಾನೆ?’

ಅಣ್ಣನ ಎಚ್ಚರಿಕೆ ಒಳ್ಳೆಯದೇ. ಆದರೆ ಅವರು ಆರಿಸಿಕೊಂಡಿರುವ ಹೊತ್ತು ಸರಿಯಿಲ್ಲ. ಯಾಕೆಂದು ತಿಳಿಯಬೇಕಾದರೆ ಲಿವರ್ ನಡೆಸುವ ಒಂದು ವಿಚಿತ್ರ ವ್ಯವಹಾರವನ್ನು ನೋಡಬೇಕು. ಈ ವಿಷಯ ಓದಿದ ದಿನ ನನಗೆ ರಾತ್ರಿಯೆಲ್ಲ ಅದೇ ಗುಂಗು.

ಮೊದಲಿಗೆ, ಪ್ಯಾರಾಸಿಟಮಾಲ್ ತಾನಾಗಿ ವಿಷವಲ್ಲ. ನುಂಗಿದ ಮಾತ್ರೆಯ ಬಹುಪಾಲನ್ನು ಲಿವರ್ ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದ ದಾರಿಗೆ ಸಾಗಹಾಕುತ್ತದೆ. ನೂರರಲ್ಲಿ ಐದೋ ಹತ್ತೋ ಪಾಲು ಮಾತ್ರ ಬೇರೊಂದು ದಾರಿ ಹಿಡಿಯುತ್ತದೆ. ಅಲ್ಲಿ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ‘ನ್ಯಾಪ್‌ಕ್ವಿ’ ಎಂಬ ಮಹಾ ಕಿಡಿಗೇಡಿ ಅಣುವಾಗಿ ಮಾರ್ಪಡಿಸುತ್ತದೆ. ಅಂದರೆ ವಿಷ ತಯಾರಾಗುವುದು ಲಿವರಿನ ಒಳಗೇ. ಅದನ್ನು ಹುಟ್ಟಿದಲ್ಲೇ ಹಿಡಿದು ಕಟ್ಟಿಹಾಕಲು ಗ್ಲುಟಾಥಯೋನ್ ಎಂಬ ಕಾವಲುಗಾರ ಅಲ್ಲೇ ಇರುತ್ತಾನೆ. ಗ್ಲುಟಾಥಯೋನ್ ಸಂಗ್ರಹ ಶೇ. 30ರ ಆಸುಪಾಸಿಗೆ ಕುಸಿಯುವವರೆಗೂ ಜೀವಕೋಶಗಳಿಗೆ ಅಪಾಯವಿಲ್ಲ. ಅದಕ್ಕಿಂತ ಕೆಳಗಿಳಿದರೆ ನ್ಯಾಪ್‌ಕ್ವಿ ಕೋಶದ ಪ್ರೋಟೀನುಗಳಿಗೇ ಅಂಟಿಕೊಂಡು ಕೋಶವನ್ನೇ ಸಾಯಿಸುತ್ತದೆ. 1973ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದ ಅಮೆರಿಕದ ತಂಡದಲ್ಲಿ ಬರ್ನಾರ್ಡ್ ಬ್ರಾಡಿ ಇದ್ದರು. ಮೂಲೆಗೆ ಬಿದ್ದಿದ್ದ ಪ್ಯಾರಾಸಿಟಮಾಲನ್ನು 1948ರಲ್ಲಿ ಜೂಲಿಯಸ್ ಆಕ್ಸೆಲ್‌ರಾಡ್ ಜೊತೆ ಸೇರಿ ಮತ್ತೆ ಬೆಳಕಿಗೆ ತಂದವರೂ ಇದೇ ಬ್ರಾಡಿ!

ಇನ್ನು ಹೆಂಡದ ವಿಷಯಕ್ಕೆ ಬರೋಣ. ಮದ್ಯವನ್ನು ಅರಗಿಸುವ ಕೆಲಸಕ್ಕೂ ಲಿವರ್ ಇದೇ ಸಿವೈಪಿ2ಇ1 ಕಿಣ್ವವನ್ನು ಹಚ್ಚುತ್ತದೆ. ದಿನವೂ ಕುಡಿಯುವವರಲ್ಲಿ ಕೆಲಸ ಹೆಚ್ಚು, ಹಾಗಾಗಿ ಕಿಣ್ವವೂ ಹೆಚ್ಚು. ಮದುವೆ ಮನೆಗೆ ಹೆಚ್ಚುವರಿ ಅಡುಗೆಯವರನ್ನು ಕರೆಸಿದ ಹಾಗೆ. ರಾತ್ರಿ ರಕ್ತದಲ್ಲಿ ಮದ್ಯ ತುಂಬಿರುವಾಗ ಅವರೆಲ್ಲರ ಕೈಯೂ ಅದರಲ್ಲೇ ಮುಳುಗಿರುತ್ತದೆ, ಪ್ಯಾರಾಸಿಟಮಾಲ್ ಬಂದರೂ ಗಮನಿಸುವವರಿಲ್ಲ. ಹೀಗಾಗಿ ಮದ್ಯ ಇರುವಷ್ಟು ಹೊತ್ತು ನ್ಯಾಪ್‌ಕ್ವಿ ಹುಟ್ಟುವುದು ಕಡಿಮೆ! ಬೆಳಗಾಗುವಷ್ಟರಲ್ಲಿ ಮದ್ಯ ಖಾಲಿ, ಅಡುಗೆಯವರು ಮಾತ್ರ ಇನ್ನೂ ಊರಿಗೆ ಹೊರಟಿಲ್ಲ. ಆಗ ಬಂದು ಬೀಳುತ್ತದೆ ತಲೆನೋವಿನ ಮಾತ್ರೆ. ಬಿಡುವಾಗಿರುವ ಅಷ್ಟೂ ಕೈಗಳು ಅದರ ಮೇಲೆ ಮುಗಿಬೀಳುತ್ತವೆ. 2000ದಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಕೆಲವು ಗಂಟೆ ರಕ್ತನಾಳದ ಮೂಲಕ ಮದ್ಯ ಕೊಟ್ಟು, ನಿಲ್ಲಿಸಿದ 8 ಗಂಟೆಯ ನಂತರ ಪ್ಯಾರಾಸಿಟಮಾಲ್ ನುಂಗಿಸಿದರು. ವಿಷ ತಯಾರಿಕೆ ಸರಾಸರಿ ಶೇ. 22ರಷ್ಟು ಹೆಚ್ಚಿತ್ತು. ಒಂದೇ ದಿನ ಮದ್ಯ ಕಂಡ ಲಿವರಿನಲ್ಲಿ ಇಷ್ಟು.

ಹಾಗೆಂದು ಯಾರೂ ಗಾಬರಿ ಬೀಳಬೇಕಿಲ್ಲ. ಅಪರೂಪಕ್ಕೆ ಕುಡಿದವರು ಮರುದಿನ ಒಂದು ಮಾತ್ರೆ ನುಂಗಿದರೆ ಲಿವರ್ ಹಾಳಾಗದು, ಕಾವಲುಗಾರ ಸಾಕಷ್ಟಿರುತ್ತಾನೆ. ಕಷ್ಟವಿರುವುದು ದಿನಾ ಕುಡಿದು, ಸರಿಯಾಗಿ ಉಣ್ಣದೆ ಮಲಗುವವರಿಗೆ. ಗ್ಲುಟಾಥಯೋನ್ ತಯಾರಾಗುವುದು ಆಹಾರದ ಪ್ರೋಟೀನಿನಿಂದ. ಊಟ ಬಿಟ್ಟವರಲ್ಲಿ ವಿಷ ಹೆಚ್ಚು, ಕಾವಲು ಕಡಿಮೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಹೆಚ್ಚೆಂದರೆ 4 ಗ್ರಾಂ ಪ್ಯಾರಾಸಿಟಮಾಲ್ ಎನ್ನುವ ವೈದ್ಯರು, ನಿತ್ಯ ಕುಡಿಯುವವರಿಗೆ ಸಾಮಾನ್ಯವಾಗಿ 2 ಗ್ರಾಂ ದಾಟಬೇಡಿ ಎನ್ನುತ್ತಾರೆ. 650 ಮಿಲಿಗ್ರಾಂನ ಎರಡು ಮಾತ್ರೆ ಎಂದರೆ ಆಗಲೇ 1.3 ಗ್ರಾಂ ಆಯಿತು. ಮಧ್ಯಾಹ್ನ ಮೈಕೈ ನೋವಿಗೆ ಇನ್ನೆರಡು, ರಾತ್ರಿ ನೆಗಡಿಗೆಂದು ಅಂಗಡಿಯವರು ಕೊಟ್ಟದ್ದು ಒಂದು. ಆ ನೆಗಡಿ ಮಾತ್ರೆಯಲ್ಲೂ ಬಹುತೇಕ ಪ್ಯಾರಾಸಿಟಮಾಲ್ ಇರುತ್ತದೆ, ಹಿಂಬದಿಯ ಸಣ್ಣಕ್ಷರ ಓದಿ ನೋಡಿ.

ಲಿವರಿನ ಬಗ್ಗೆ ನಮ್ಮಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆ ಎಂದರೆ, ಕೆಟ್ಟರೆ ನೋವು ಬಂದೇ ಬರುತ್ತದೆ ಎಂಬುದು. ಒಂದೂಕಾಲು, ಒಂದೂವರೆ ಕಿಲೋ ತೂಗುವ ಈ ಅಂಗದ ಒಳಗಡೆ ನೋವು ಹೇಳುವ ನರಗಳಿಲ್ಲ. ಊದಿಕೊಂಡು ಮೇಲಿನ ಪೊರೆ ಬಿಗಿದಾಗ ಮಾತ್ರ ಬಲ ಪಕ್ಕೆಯ ಕೆಳಗೆ ಭಾರವೆನಿಸುತ್ತದೆ. ಪ್ಯಾರಾಸಿಟಮಾಲ್ ಮಿತಿಮೀರಿದಾಗಲಂತೂ ಈ ಮೌನ ಜೀವಕ್ಕೇ ಎರವಾಗುತ್ತದೆ. ಮೊದಲ ದಿನ ಒಂದಿಷ್ಟು ವಾಂತಿ, ಕೆಲವರಿಗೆ ಅದೂ ಇಲ್ಲ. ಎರಡನೆಯ ದಿನ ‘ಈಗ ಪರವಾಗಿಲ್ಲ’ ಎನಿಸುತ್ತದೆ. ಮೂರನೆಯ ದಿನ ಕಣ್ಣು ಹಳದಿಯಾಗುತ್ತದೆ. ಮದ್ದು ಇಲ್ಲವೆಂದಲ್ಲ. ಕಫ ಕರಗಿಸಲು ಬಳಕೆಯಲ್ಲಿದ್ದ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧವು ಗ್ಲುಟಾಥಯೋನ್ ಸಂಗ್ರಹವನ್ನು ಮತ್ತೆ ತುಂಬಿ ಲಿವರನ್ನು ಕಾಯುತ್ತದೆ ಎಂದು ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ 1970ರ ದಶಕದಲ್ಲಿ ರೋಗಿಗಳಲ್ಲೇ ತೋರಿಸಿದರು. ಮಾತ್ರೆ ನುಂಗಿದ ಎಂಟು ಗಂಟೆಯೊಳಗೆ ಇದನ್ನು ಕೊಟ್ಟರೆ ಲಿವರ್ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಆದರೆ ಆ ಎಂಟು ಗಂಟೆಯಲ್ಲಿ ರೋಗಿ ನೋಡಲು ಚೆನ್ನಾಗಿಯೇ ಇರುತ್ತಾನೆ!

ಮದ್ಯವೊಂದೇ ಲಿವರನ್ನು ಉರಿಯೂತಕ್ಕೆ ತಳ್ಳುವ ಬಗೆ ಹೆಚ್ಚಿನವರಿಗೆ ಗೊತ್ತಿರುವುದೇ. ಮೊದಲು ಕೊಬ್ಬು ಕಟ್ಟುತ್ತದೆ, ಆಮೇಲೆ ಊತ, ಕೊನೆಗೆ ಗಂಟುಗಂಟಾದ ಸಿರೋಸಿಸ್. ಆದರೆ ‘ನಾನು ಬಿಯರ್ ಮಾತ್ರ’ ಎನ್ನುವವರಿಗೆ ಒಂದು ಲೆಕ್ಕ ಕೊಡಬೇಕು. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 41 ಗ್ರಾಂ ಮದ್ಯಸಾರ ಇರುತ್ತದೆ. 90 ಮಿಲಿಲೀಟರ್ ವಿಸ್ಕಿಯಲ್ಲಿ ಇರುವುದು 30 ಗ್ರಾಂ. ಲಿವರ್ ಎಣಿಸುವುದು ಗ್ರಾಮನ್ನು, ಬಾಟಲಿಯ ಬಣ್ಣವನ್ನಲ್ಲ.

ಕಣ್ಣು ಹಳದಿಯಾದ ಮೇಲೆ ನಮ್ಮ ಊರುಗಳಲ್ಲಿ ನಡೆಯುವುದನ್ನು ನೆನೆದರೆ ಸಂಕಟವಾಗುತ್ತದೆ. ಚಿಕ್ಕವನಿದ್ದಾಗ ಅಜ್ಜಿಯ ಮನೆಯ ಪಕ್ಕದಲ್ಲಿ ಕಾಮಾಲೆ ‘ಇಳಿಸುವುದನ್ನು’ ಕಣ್ಣಾರೆ ನೋಡಿದ್ದೇನೆ. ಹಿತ್ತಾಳೆ ತಟ್ಟೆಯಲ್ಲಿ ಸುಣ್ಣದ ತಿಳಿನೀರು, ಅದರಲ್ಲಿ ರೋಗಿಯ ಕೈ, ಉಜ್ಜುತ್ತಿದ್ದಂತೆ ನೀರು ಹಳದಿ. ಕಾಮಾಲೆ ನೀರಿಗೆ ಇಳಿಯಿತು ಎಂದು ನಾನೂ ನಂಬಿದ್ದೆ. ಮಾವಿನ ತೊಗಟೆಯ ರಸ ಸವರಿದ ಕೈಗೆ ಸುಣ್ಣದ ನೀರು ತಾಗಿದರೆ ಯಾರದೇ ಕೈಯಾದರೂ ನೀರು ಹಳದಿಯಾಗುತ್ತದೆ. ಪವಾಡ ಬಯಲು ಮಾಡುವವರು ಇದನ್ನು ಎಷ್ಟೋ ಶಾಲೆಗಳಲ್ಲಿ ಮಾಡಿ ತೋರಿಸಿದ್ದಾರೆ. ಕಾಮಾಲೆಯಲ್ಲಿ ಮೈಯನ್ನು ಹಳದಿಯಾಗಿಸುವ ಬಿಲಿರುಬಿನ್ ಚರ್ಮದಿಂದ ತೊಳೆದು ಹೋಗುವಂಥದ್ದಲ್ಲ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್-ಎ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ. ಅದರ ಕೀರ್ತಿ ಸುಣ್ಣದ ನೀರಿಗೂ ಮಣಿಕಟ್ಟಿಗೆ ಹಾಕುವ ಬರೆಗೂ ಸಲ್ಲುತ್ತಾ ಬಂದಿದೆ. ಮಾತ್ರೆಯಿಂದ ಬಂದ ಕಾಮಾಲೆ ಹಾಗಲ್ಲ. ಪಥ್ಯ ಮಾಡುತ್ತಲೇ ಆ ಮಾತ್ರೆಯನ್ನೂ ನುಂಗುತ್ತಿದ್ದರೆ ಲಿವರ್ ಸಾಯುತ್ತಲೇ ಇರುತ್ತದೆ.

ನಮ್ಮಲ್ಲಿ ಲಿವರನ್ನು ಹೆಚ್ಚು ಕೆಡಿಸುವುದು ಯಾವ ಮಾತ್ರೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಹರ್ಷದ್ ದೇವರಭಾವಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಔಷಧದಿಂದ ಲಿವರ್ ಕೆಟ್ಟ 313 ರೋಗಿಗಳಿದ್ದರು. ಅವರಲ್ಲಿ ಶೇ. 58 ಮಂದಿಗೆ ಕಾರಣ ಕ್ಷಯದ ಔಷಧಗಳು. ಇದನ್ನು ಓದಿ ಯಾರೂ ಟಿಬಿ ಮಾತ್ರೆ ಬಿಡಬಾರದು. ಬಿಟ್ಟರೆ ಕ್ಷಯ ಕೊಲ್ಲುತ್ತದೆ. ಹಸಿವು ಸತ್ತು, ವಾಂತಿಯಾಗಿ, ಮೂತ್ರ ಗಾಢವಾದರೆ ಅದೇ ದಿನ ವೈದ್ಯರಿಗೆ ಹೇಳಬೇಕು. ಯಾವುದನ್ನು ನಿಲ್ಲಿಸಿ ಯಾವುದನ್ನು ಮತ್ತೆ ಶುರು ಮಾಡಬೇಕೆಂಬುದು ಅವರಿಗೆ ಗೊತ್ತು. ಈ ಚಿಕಿತ್ಸೆಯ ತಿಂಗಳುಗಳಲ್ಲಿ ಹೆಂಡ ಮುಟ್ಟಲೇಬಾರದು.

‘ಗಿಡಮೂಲಿಕೆ ತಾನೆ, ಅಡ್ಡಪರಿಣಾಮ ಇಲ್ಲ’ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಕಷಾಯ ಕುದಿಯಿತು. ಅದನ್ನು ಕುಡಿದು ಲಿವರ್ ಊದಿಸಿಕೊಂಡ ಆರು ಮಂದಿಯ ವಿವರವನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಬಳ್ಳಿಯನ್ನು ತಪ್ಪಾಗಿ ಗುರುತಿಸಿರಬಹುದು ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವರದಿ ಬಂತು. ಗಿಡದ್ದಾದರೂ ರಸಾಯನ ರಸಾಯನವೇ, ಅದೂ ಲಿವರನ್ನು ಹಾದೇ ಹೋಗಬೇಕು.

ಹಾವೇರಿಯ ಮಿತ್ರರೇ, ಅಣ್ಣನನ್ನು ಕುಡಿತ ಬಿಡಿಸುವ ವೈದ್ಯರ ಬಳಿ ಒಮ್ಮೆ ಕರೆದೊಯ್ಯಿರಿ. ಬಹುಕಾಲ ಕುಡಿದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯವಾದ್ದರಿಂದ ವೈದ್ಯರ ನೆರವು ಬೇಕೇ ಬೇಕು. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆಗಳನ್ನು ಮಾಡಿಸಿ. ಹೋಗುವಾಗ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ, ಖಾಲಿಯಾದವನ್ನೂ, ಕಷಾಯದ ಪುಡಿಯಿದ್ದರೆ ಅದನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.