ಯಂತ್ರದೋಣಿಗೆ ಪರವಾನಗಿ ಏಕೆ?

ಜರ್ಮನಿಯಲ್ಲಿ ವಿಹಾರಕ್ಕೆಂದು ಯಂತ್ರದೋಣಿಯನ್ನು ನಡೆಸಬಯಸುವವರಿಗೆ ಮೊದಲು ಎದುರಾಗುವುದು 11.03 ಕಿಲೋವಾಟ್ ಎಂಬ ವಿಚಿತ್ರ ಸಂಖ್ಯೆ. ಎಂಜಿನಿನ ಸಾಮರ್ಥ್ಯವು ಇದನ್ನು ಮೀರಿದರೆ ಪರವಾನಗಿ ಕಡ್ಡಾಯ. ಒಂದು ಮೆಟ್ರಿಕ್ ಅಶ್ವಶಕ್ತಿಯೆಂದರೆ 735.5 ವಾಟ್, ಅದನ್ನು 15ರಿಂದ ಗುಣಿಸಿದರೆ ಗುಟ್ಟು ಬಯಲಾಗುತ್ತದೆ. 2012ಕ್ಕೆ ಮುಂಚೆ ಮಿತಿಯು 5 ಅಶ್ವಶಕ್ತಿಯಷ್ಟೇ ಇತ್ತು. ರೈನ್ ನದಿಯಲ್ಲಿ ಇಂದಿಗೂ ಅಷ್ಟೇ.

ಪರೀಕ್ಷೆಗಾಗಿ ನಿಯಮಗಳನ್ನು ಓದಿಕೊಳ್ಳುವುದು ಸುಲಭ. ಕಾರಿನ ಅಭ್ಯಾಸವನ್ನು ಮರೆಯುವುದೇ ಕಷ್ಟವೆಂದು ನಾವು ಭಾವಿಸುತ್ತೇವೆ. ಕಾರನ್ನು ಮುಂದಿನ ಚಕ್ರಗಳು ತಿರುಗಿಸುತ್ತವೆ. ದೋಣಿಯಲ್ಲಾದರೋ, ಹಿಂಬದಿಯ ಪ್ರೊಪೆಲ್ಲರು ನೀರನ್ನು ಒಂದು ಪಕ್ಕಕ್ಕೆ ನೂಕಿದಾಗ, ನ್ಯೂಟನ್ನನ ಮೂರನೆಯ ನಿಯಮದಂತೆ ಹಿಂಬದಿಯೇ ಎದುರು ಪಕ್ಕಕ್ಕೆ ಸರಿಯುತ್ತದೆ. ಬಲಗಡೆ ಒಬ್ಬನು ನೀರಿಗೆ ಬಿದ್ದನೆನ್ನೋಣ. ಅವನಿಂದ ದೂರ ಸರಿಯಲೆಂದು ಚಕ್ರವನ್ನು ಎಡಕ್ಕೆ ತಿರುಗಿಸಿದೆವೋ, ತಿರುಗುತ್ತಿರುವ ಪ್ರೊಪೆಲ್ಲರು ಅವನತ್ತಲೇ ಬೀಸುತ್ತದೆ! ತಿರುಗಿಸಬೇಕಾದುದು ಬಲಕ್ಕೆ, ಒಡನೆಯೇ ಗೇರನ್ನು ತಟಸ್ಥಕ್ಕೆ ತರಬೇಕು. ಬಿದ್ದವರನ್ನು ಎತ್ತಿಕೊಳ್ಳುವ ಕ್ರಮವನ್ನು ಅಲ್ಲಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾಡಿ ತೋರಿಸಲೇಬೇಕೆಂಬ ನಿಯಮ ಬರಿಯ ಔಪಚಾರಿಕತೆಯಲ್ಲ.

ಚಾಲಕನೇ ಬಿದ್ದರೆ? ಅವನ ಕಾಲಿಗೆ ಕಟ್ಟಿದ ಸುರಕ್ಷಾ ಹುರಿಯು ಸ್ವಿಚ್ಚಿನಿಂದ ಕಳಚಿ ಎಂಜಿನು ನಿಲ್ಲುತ್ತದೆ. ಹುರಿಯಿಲ್ಲದಿದ್ದರೆ ಬರಿದಾದ ದೋಣಿಯು ಸುತ್ತುಹಾಕುತ್ತ ಅವನ ಮೇಲೆಯೇ ಹರಿಯಬಹುದು. ಮೊದಲ ಪಾಠದ ದಿನವೂ, ಎಂಜಿನನ್ನು ಚಾಲೂ ಮಾಡುವ ಮುನ್ನವೇ, ಅದನ್ನು ಕಟ್ಟಿಕೊಳ್ಳತಕ್ಕದ್ದು.