ಮನೆಯ ಓಲೆಕಟ್ಟು ಮತ್ತು ಶಾಸ್ತ್ರದಾನ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಒಂದು ತೊಡಕುಂಟು. ಅನ್ನವನ್ನೂ ಔಷಧವನ್ನೂ ಬೇಡಿ ಬರುವವರಿದ್ದಾರೆ; ಹಳೆಯ ಓಲೆಕಟ್ಟನ್ನು ಬೇಡಿ ಬರುವವರು ವಿರಳ. ತಲೆಮಾರುಗಳಿಂದ ಪೂಜೆಗೊಂಡು ಬಂದ ಕಟ್ಟನ್ನು ಓದಬಲ್ಲವರಾಗಲಿ, ತನಗಿರಲಿ ಎನ್ನುವವರಾಗಲಿ ಮನೆಯಲ್ಲಿ ಉಳಿಯದಿದ್ದಾಗ ಹಿರಿಯರು ಮಾಡಬೇಕಾದುದೇನು ಎಂಬ ಪ್ರಶ್ನೆ ಇಂದು ಅನೇಕ ಶ್ರಾವಕ ಕುಟುಂಬಗಳ ಮುಂದಿದೆ.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಗೆ ಉದ್ಯೋಗಾರ್ಥವಾಗಿ ಬಂದು ನೆಲೆಸಿದ ಮನೆಗಳಲ್ಲಿ ಈ ಪ್ರಶ್ನೆ ಮತ್ತಷ್ಟು ತೀವ್ರವಾಗಿದೆ. ಊರಿನ ಮನೆ ಮಾರಿಹೋಗಿರುತ್ತದೆ. ನಗರದ ಮನೆಯಲ್ಲಿ ಎಡೆ ಕಡಿಮೆ. ಮಕ್ಕಳಿಗೆ ಹಳಗನ್ನಡದ ಲಿಪಿ ತಿಳಿಯದು. ಅವರನ್ನು ದೂಷಿಸುವುದು ನ್ಯಾಯವಲ್ಲ. ಓದಲಾಗದ ಗ್ರಂಥದಲ್ಲಿ ಆದರ ಹುಟ್ಟುವುದು ಕಷ್ಟ.

ಪೀಣ್ಯದಿಂದಾಚೆ, ನೆಲಮಂಗಲದ ಸೀಮೆಗೆ ಸೇರಿದ ದೊಡ್ಡಬೆಲೆಯ ದೃಷ್ಟಾಂತವನ್ನು ಇಲ್ಲಿ ಸ್ಮರಿಸಬಹುದು. ಕುಮುದೇಂದು ಮುನಿಯ ಹೆಸರಿನಲ್ಲಿರುವ ‘ಸಿರಿಭೂವಲಯ’ದ ಹಸ್ತಪ್ರತಿ ಅಲ್ಲಿಯ ಧರಣೇಂದ್ರ ಪಂಡಿತರ ಮನೆಯಲ್ಲಿತ್ತು. ಅಡ್ಡಲಾಗಿ ೨೭, ಉದ್ದವಾಗಿ ೨೭, ಹೀಗೆ ೭೨೯ ಮನೆಗಳ ಚಕ್ರಗಳಲ್ಲಿ ೧ರಿಂದ ೬೪ರವರೆಗಿನ ಅಂಕಗಳನ್ನೇ ಅಕ್ಷರಗಳ ಸ್ಥಾನದಲ್ಲಿ ತುಂಬಿದ ಕೃತಿಯಿದು. ಕ್ರಮವರಿಯದವರಿಗೆ ಬರಿಯ ಅಂಕೆಗಳ ರಾಶಿ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಅದನ್ನು ಪಡೆಯಲು ತಮ್ಮ ಪತ್ನಿಯ ಚಿನ್ನದ ಬಳೆಗಳನ್ನೇ ಕೊಟ್ಟರೆಂಬ ಮಾತು ಪ್ರಚಲಿತವಾಗಿದೆ. ಕರ್ಲಮಂಗಲಂ ಶ್ರೀಕಂಠಯ್ಯನವರ ಸಂಪಾದಕತ್ವದಲ್ಲಿ ೧೯೫೩ರಲ್ಲಿ ಅದರ ಭಾಗವು ಮುದ್ರಣಗೊಂಡಿತು. ಕೃತಿಯ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಆ ಚರ್ಚೆ ನಡೆಯುವುದಕ್ಕೂ ಗ್ರಂಥವು ಮೊದಲು ಒಂದು ಮನೆಯಿಂದ ಹೊರಗೆ ಬರಬೇಕಾಯಿತು.

ಇಂಥದೇ ಇನ್ನೊಂದು ನಿದರ್ಶನ ಮೈಸೂರಿನದು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಓಲೆಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿತ್ತು. ಆರ್. ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಪ್ರಕಟಿಸಿದರು. ಆ ಪಂಡಿತರು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಅದು ಒಂದು ಮನೆಯ ಸೊತ್ತಾಗಿಯೇ ಉಳಿದು, ಹುಳುವಿನ ಬಾಯಿಗೆ ಬೀಳಬಹುದಾಗಿತ್ತು.

ಪೂರ್ವಜರ ಗ್ರಂಥವನ್ನು ಮನೆಯಿಂದ ಕಳುಹಿಸುವುದು ಶ್ರುತದ ಅವಿನಯವಲ್ಲವೆ ಎಂದು ಕೆಲವರು ಶಂಕಿಸುವರು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದು ಗ್ರಂಥಗಳು ಪೆಟ್ಟಿಗೆಯಲ್ಲಿರಲೆಂದಲ್ಲ, ಓದುಗರ ಕೈಯಲ್ಲಿರಲೆಂದು. ಅಲ್ಲದೆ ಪರಿಗ್ರಹವು ವಸ್ತುವಿನಲ್ಲಿಲ್ಲ, ಅದರ ಮೇಲಣ ಮಮತೆಯಲ್ಲಿದೆಯೆಂಬುದು ಪಂಡಿತರಿಗೆ ತಿಳಿದ ವಿಷಯವೇ. ಆದ್ದರಿಂದ ಅವಿನಯವಿರುವುದು ಕೊಡುವುದರಲ್ಲಲ್ಲ, ಅಲಕ್ಷ್ಯದಿಂದ ಕೊಡುವುದರಲ್ಲಿ. ಕಟ್ಟನ್ನು ಹೊಳೆಗೆ ಬಿಡುವುದಂತೂ ಸರ್ವಥಾ ತ್ಯಾಜ್ಯ.

ಕೊಡುವ ಮುನ್ನ ಗಮನಿಸಬೇಕಾದ ಅಂಶಗಳು ಕೆಲವುಂಟು. ಕಟ್ಟಿನ ಗರಿಗಳ ಕ್ರಮವನ್ನು ಕದಲಿಸಬಾರದು. ಬಿಡಿ ಗರಿಗಳನ್ನೂ ಮುರಿದ ತುಂಡುಗಳನ್ನೂ ಎಸೆಯಬಾರದು. ಲಿಪಿಕಾರನ ಹೆಸರು, ಬರೆದ ಸಂವತ್ಸರ, ಬರೆಯಿಸಿದವರ ವಿವರ ಸಾಮಾನ್ಯವಾಗಿ ಕೊನೆಯ ಗರಿಯಲ್ಲಿರುತ್ತವೆ. ಯಾವ ಊರಿನ ಯಾವ ಮನೆಯಲ್ಲಿತ್ತು, ಯಾರು ಓದುತ್ತಿದ್ದರು, ಯಾವ ಪರ್ವದಲ್ಲಿ ಪೂಜಿಸುತ್ತಿದ್ದರು ಎಂಬುದನ್ನು ಹಿರಿಯರು ಬದುಕಿರುವಾಗಲೇ ಬರೆದು ಜೊತೆಗಿಡಬೇಕು. ಓಲೆ ಹೇಳದ ಈ ಸಂಗತಿಗಳು ಅವರೊಡನೆಯೇ ಅಳಿದುಹೋಗುತ್ತವೆ. ಎಲ್ಲ ಗರಿಗಳ ಛಾಯಾಪ್ರತಿಯನ್ನು ಮನೆಗೆ ಪಡೆಯಬೇಕು. ಸ್ವೀಕರಿಸುವ ಭಂಡಾರದಿಂದ ಗರಿಗಳ ಸಂಖ್ಯೆಯನ್ನು ನಮೂದಿಸಿದ ರಸೀದಿ ಪಡೆಯಬೇಕು. ವಿದೇಶದಲ್ಲಿ ನೆಲೆಸಿದ ಮಕ್ಕಳೊಡನೆ ಕಳುಹಿಸಲು ಬಯಸುವವರು ಒಂದನ್ನು ನೆನಪಿಡಬೇಕು: ೧೯೭೨ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ, ೭೫ ವರ್ಷಕ್ಕೆ ಕಡಿಮೆಯಿಲ್ಲದ, ಐತಿಹಾಸಿಕ ಅಥವಾ ಸಾಹಿತ್ಯಕ ಮೌಲ್ಯವುಳ್ಳ ಹಸ್ತಪ್ರತಿಯನ್ನು ಖಾಸಗಿಯವರು ದೇಶದಿಂದಾಚೆ ಒಯ್ಯುವಂತಿಲ್ಲ.

ಕೊಡಲು ಯೋಗ್ಯವಾದ ದಿನ ಜ್ಯೇಷ್ಠ ಶುದ್ಧ ಪಂಚಮಿ. ಷಟ್ಖಂಡಾಗಮವು ಲಿಪಿಬದ್ಧವಾಗಿ ಪೂರ್ಣಗೊಂಡುದನ್ನು ಸ್ಮರಿಸುವ ಆ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತುವ ರೂಢಿ ಮೊದಲಿನಿಂದಲೂ ಇದೆ. ಮನೆಯವರೆಲ್ಲರೂ ಕೂಡಿ ಕೊನೆಯದೊಂದು ಪೂಜೆ ಸಲ್ಲಿಸಿ ಕಟ್ಟನ್ನು ಒಪ್ಪಿಸಬಹುದು. ಬರಿದಾದ ಗೂಡನ್ನು ಕಂಡು ಹಿರಿಯರ ಮನಸ್ಸು ಕಲಕುವುದು ಸಹಜ. ಅದು ಅಜ್ಞಾನವೂ ಅಲ್ಲ, ದೌರ್ಬಲ್ಯವೂ ಅಲ್ಲ. ಆದರೆ ಮನೆಯಲ್ಲಿ ಯಾರೂ ಬಿಚ್ಚದ ಕಟ್ಟನ್ನು ಭಂಡಾರದಲ್ಲಿ ಒಬ್ಬ ಅಭ್ಯಾಸಿಯಾದರೂ ಬಿಚ್ಚಿ ಓದಿದನಾದರೆ, ಅದನ್ನು ಬರೆದ ಲಿಪಿಕಾರನ ಶ್ರಮವೂ ಕಾಪಾಡಿದ ಮನೆತನದ ಭಕ್ತಿಯೂ ಸಾರ್ಥಕವಾಗುವುದು.