ಮಂದತೆ ಎಂಬ ತೀರ್ಪು: ರೋಗನಿರೋಧದ ಅಣುಗಳು ಮತ್ತು ನೆನಪು

ಕಲಿಕೆಯ ಹಿನ್ನಡೆಯನ್ನು ಕಲಿಯುವವರ ಸ್ವಭಾವದೋಷವೆಂದು ಗ್ರಹಿಸುವ ರೂಢಿ ಹಳೆಯದು. ‘ದಡ್ಡ’, ‘ಸೋಮಾರಿ’, ‘ಮಂದಬುದ್ಧಿ’ ಮುಂತಾದ ಪದಗಳು ದೇಹದ ಸ್ಥಿತಿಯನ್ನು ಬದಿಗಿರಿಸಿ ವ್ಯಕ್ತಿಯ ಮೇಲೆ ತೀರ್ಪು ನೀಡುತ್ತವೆ. ರೋಗವನ್ನೇ ನಡತೆಯ ಫಲವೆಂದು ಓದುವ ಕ್ರಮವೂ ಇದಕ್ಕೆ ಹತ್ತಿರದ್ದು. ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಜನಿಸಿದ, ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರನ್ನು ಕುರಿತು ದಾಸಪರಂಪರೆ ಉಳಿಸಿಕೊಂಡು ಬಂದಿರುವ ಕಥನ ಇದಕ್ಕೊಂದು ನಿದರ್ಶನ. ಪಾಂಡಿತ್ಯದ ಹಮ್ಮಿನಿಂದ ವಿಜಯದಾಸರನ್ನು ಕಡೆಗಣಿಸಿದ ಶ್ರೀನಿವಾಸಾಚಾರ್ಯರು ಉದರವ್ಯಾಧಿಗೆ ಗುರಿಯಾದರು. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದ ಮೇಲೆ ಚೇತರಿಸಿಕೊಂಡು ಜಗನ್ನಾಥದಾಸರಾದರು ಎಂಬುದು ಅದರ ಸಾರ. ಭಕ್ತಿಯ ನೆಲೆಯಲ್ಲಿ ಈ ಕಥನಕ್ಕೆ ತನ್ನದೇ ಆದ ಅರ್ಥವಿದೆ. ಆದರೆ ಇದೇ ತರ್ಕ ತರಗತಿಯನ್ನು ಪ್ರವೇಶಿಸಿದಾಗ ಅನ್ಯಾಯಕ್ಕೆ ದಾರಿಯಾಗುತ್ತದೆ. ಇತ್ತೀಚಿನ ಜೀವವಿಜ್ಞಾನ ಈ ಅಂಶವನ್ನು ಸ್ಪಷ್ಟಪಡಿಸುತ್ತದೆ.

ರೋಗಾಣುಗಳನ್ನು ಎದುರಿಸುವ ಜೀವಕೋಶಗಳು ಪರಸ್ಪರ ಸುದ್ದಿ ಮುಟ್ಟಿಸಲು ಸ್ರವಿಸುವ ಸಣ್ಣ ಪ್ರೋಟೀನುಗಳಿಗೆ ಸೈಟೊಕೈನ್ ಎಂದು ಹೆಸರು. ಮಿದುಳಿನಲ್ಲಿ ನರಕೋಶಗಳ ನಡುವೆ ಇರುವ ಗ್ಲಿಯಾ ಕೋಶಗಳೂ ಇವನ್ನು ಉತ್ಪಾದಿಸುತ್ತವೆ. ನರಕೋಶಗಳು ಕೂಡುವ ಸಂಧಿಗಳ ಬಲದಲ್ಲಿ ಆಗುವ ಬದಲಾವಣೆಯೇ ನೆನಪಿಗೆ ಆಧಾರವೆಂದು ತಿಳಿಯಲಾಗಿದೆ. ಟಿಎನ್‌ಎಫ್-ಆಲ್ಫಾ ಎಂಬ ಸೈಟೊಕೈನ್ ಈ ಬಲವನ್ನು ಹೊಂದಿಸುವಲ್ಲಿ ಪಾತ್ರ ವಹಿಸುತ್ತದೆಂದು 2002 ಮತ್ತು 2006ರ ಅಧ್ಯಯನಗಳು ತೋರಿಸಿದವು. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಂಟರ್‌ಲ್ಯೂಕಿನ್-4 ಇಲ್ಲದ ಇಲಿಗಳು ಕಲಿಕೆಯಲ್ಲಿ ಹಿಂದುಳಿದವು. ಇಂಟರ್‌ಲ್ಯೂಕಿನ್-1ರ ವರ್ತನೆ ಇನ್ನೂ ಗಮನಾರ್ಹವಾದುದು. ನೆನಪಿನ ರಚನೆಗೆ ಅಗತ್ಯವಾದ ಹಿಪೊಕ್ಯಾಂಪಸ್ ಭಾಗದಲ್ಲಿ ಅದು ಅಲ್ಪ ಪ್ರಮಾಣದಲ್ಲಿದ್ದರೆ ನೆರವಾಗುತ್ತದೆ. ಅದನ್ನು ತಡೆದರೂ, ಮಿತಿಮೀರಿ ಹೆಚ್ಚಿಸಿದರೂ ನೆನಪು ಕುಂದುತ್ತದೆ. ಆದ್ದರಿಂದ ಈ ಅಣುಗಳನ್ನು ನೆನಪಿನ ಶತ್ರುಗಳೆಂದಾಗಲಿ ಮಿತ್ರರೆಂದಾಗಲಿ ಕರೆಯಲಾಗದು. ನಿರ್ಣಾಯಕವಾದುದು ಅವುಗಳ ಪ್ರಮಾಣ.

ಸೋಂಕು ತಗಲಿದಾಗ ಈ ಪ್ರಮಾಣ ಏರುತ್ತದೆ. ಜ್ವರ, ಹಸಿವು ಕಡಿಮೆಯಾಗುವುದು, ಮಂಪರು, ಇತರರಿಂದ ದೂರ ಸರಿಯುವುದು, ಗಮನ ನಿಲ್ಲದಿರುವುದು ಒಟ್ಟಾಗಿ ಕಾಣಿಸಿಕೊಳ್ಳುತ್ತವೆ. ವಿಜ್ಞಾನಿಗಳು ಇದನ್ನು ‘ರೋಗವರ್ತನೆ’ ಎಂದು ಗುರುತಿಸುತ್ತಾರೆ. ರೋಗದೊಡನೆ ಹೋರಾಡಲು ದೇಹ ತನ್ನ ಶಕ್ತಿಯನ್ನು ಉಳಿಸಿಕೊಳ್ಳುವ ಕ್ರಮವಿದು. ಹೊರನೋಟಕ್ಕೆ ಮಾತ್ರ ಸೋಮಾರಿತನದಂತೆಯೇ ತೋರುತ್ತದೆ.

ರಾಯಚೂರು ಜಿಲ್ಲೆಯ ಸಂದರ್ಭದಲ್ಲಿ ಈ ತಿಳಿವಳಿಕೆಗೆ ವಿಶೇಷ ಮಹತ್ವವಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿರಿಸಿತು. 2011ರ ಸುಮಾರಿಗೆ ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ರಾಜ್ಯದ ಗಮನ ಸೆಳೆಯಿತು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಅನೇಕರು ವಾಂತಿಭೇದಿಗೆ ತುತ್ತಾದರು, ಸಾವುಗಳೂ ಸಂಭವಿಸಿದವು. ಇಂತಹ ಪರಿಸರದಲ್ಲಿ ಮರಳಿ ಮರಳಿ ಸೋಂಕಿಗೆ ಒಳಗಾಗುವ ಮಗು ಪಾಠವನ್ನು ಮರೆತರೆ, ಆ ಮರೆವಿನ ಒಂದು ಬೇರು ನೀರಿನಲ್ಲೂ ಅನ್ನದಲ್ಲೂ ಇರಬಹುದು.

ಮೇಲಿನ ಪ್ರಯೋಗಗಳು ಬಹುಪಾಲು ಇಲಿಗಳ ಮೇಲೆ ನಡೆದಂಥವು. ವಿದ್ಯಾರ್ಥಿಯೊಬ್ಬನ ಅಂಕಗಳನ್ನು ಅವು ನೇರವಾಗಿ ವಿವರಿಸಲಾರವು. ಬಡತನ, ದುಡಿಮೆ, ಬೋಧನೆಯ ಕೊರತೆಗಳೂ ಕಲಿಕೆಯನ್ನು ರೂಪಿಸುತ್ತವೆ. ಆದರೂ ‘ಮಂದಬುದ್ಧಿ’ ಎಂಬ ಪದ ವಿವರಣೆಯಲ್ಲ, ವಿಚಾರಣೆಯಿಲ್ಲದೆ ನೀಡಿದ ತೀರ್ಪು ಎಂಬುದನ್ನು ಒಪ್ಪಲು ಇಷ್ಟು ಸಾಕು. ಪದಗಳ ಅರ್ಥವನ್ನು ಶೋಧಿಸುವುದೇ ಕಾಯಕವಾಗಿರುವ ಭಾಷಾ ಅಧ್ಯಾಪಕರು ಈ ಪದವನ್ನು ಬಳಸುವ ಮುನ್ನ ವಿದ್ಯಾರ್ಥಿಯ ಆರೋಗ್ಯವನ್ನು ವಿಚಾರಿಸುವುದು ಯುಕ್ತ.